ವನಿಕೊರೊ ಲೇಖನದ ಬಗ್ಗೆ ನಿಮಗೊಂದು ಪತ್ರ

ನಮಸ್ಕಾರ,

ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲೊಂದಾದ ವನಿಕೊರೊದಲ್ಲಿ ಅಳಿಯುತ್ತಿರುವ ಭಾಷೆಗಳ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇದರೊಳಗೆ ಒಳ್ಳೆಯ ಲೇಖನವಿದೆ.

ಮೊದಲ ಎರಡು ಪುಟ ತೆಗೆದುಬಿಡಿ. ಮಡಗಾಸ್ಕರ್‌ನಿಂದ ಈಸ್ಟರ್ ದ್ವೀಪದವರೆಗಿನ ಆಸ್ಟ್ರೊನೇಷ್ಯನ್ ಕುಟುಂಬದ ಸುಮಾರು 1,200 ಭಾಷೆಗಳ ವಂಶವೃಕ್ಷ ಎಲ್ಲಿ ಬೇಕಾದರೂ ಸಿಗುತ್ತದೆ. ನಿಮ್ಮ ವಿಷಯ ತೆಆನು, ಲೊವೊನೊ, ತನೆಮಾ ಎಂಬ ಮೂರೇ ಭಾಷೆ. ಇವುಗಳ ಪದಗಳು ಬೇರೆ ಬೇರೆ, ವ್ಯಾಕರಣ ಮಾತ್ರ ಹೆಚ್ಚುಕಡಿಮೆ ಒಂದೇ ಎಂದು ನಾಲ್ಕನೇ ಪುಟದಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು, ಅಲ್ವಾ? ಭಾಷಾಶಾಸ್ತ್ರಜ್ಞ ಅಲೆಕ್ಸಾಂಡ್ರ್ ಫ್ರಾನ್ಸ್ವಾ 2009ರಲ್ಲಿ ವಿವರವಾಗಿ ತೋರಿಸಿದ್ದು ಇದನ್ನೇ. ಒಂದು ವಾಕ್ಯವನ್ನು ಮೂರೂ ಭಾಷೆಯಲ್ಲಿ ಒಂದರ ಕೆಳಗೊಂದು ಬರೆದರೆ ಪದದ ಕೆಳಗೆ ಪದ ಸರಿಯಾಗಿ ಬಂದು ಕೂರುತ್ತದೆ. ಆದರೆ ಆ ಪದಗಳು ಕಿವಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕೇಳುತ್ತವೆ. ತಲೆಮಾರುಗಳಿಂದ ಅಕ್ಕಪಕ್ಕ ಬದುಕಿ, ಒಬ್ಬರ ಭಾಷೆ ಇನ್ನೊಬ್ಬರು ಆಡುತ್ತಾ ಬಂದವರ ಬಾಯಲ್ಲಿ ಹೀಗಾಗಿದೆ. ಅಂಥ ಒಂದು ವಾಕ್ಯ ಹುಡುಕಿ ಓದುಗರ ಮುಂದಿಡಿ.

ವರ್ಗೀಕರಣದಲ್ಲಿ ತಪ್ಪಿದೆ. ಹತ್ತಿರದ ರೀಫ್ ಮತ್ತು ಸಾಂತಾ ಕ್ರೂಜ್ ದ್ವೀಪಗಳ ಭಾಷೆಗಳು ಪಾಪುವನ್, ಅಂದರೆ ನ್ಯೂಗಿನಿ ಸುತ್ತಲಿನ ಆಸ್ಟ್ರೊನೇಷ್ಯನ್ ಅಲ್ಲದ ಭಾಷೆಗಳು ಎಂದಿದ್ದೀರಿ. ಅದು ಭಾಷಾಶಾಸ್ತ್ರಜ್ಞ ಸ್ಟೀಫನ್ ವುರ್ಮ್ ಕಾಲದ ಹಳೆಯ ವಾದ. ಅವು ಆಸ್ಟ್ರೊನೇಷ್ಯನ್ ಕುಟುಂಬದ ಓಷಿಯಾನಿಕ್ ಶಾಖೆಯ ಭಾಷೆಗಳೇ ಎಂದು 2007ರಲ್ಲಿ ಮಾಲ್ಕಮ್ ರಾಸ್ ಮತ್ತು ಓಶಿಲ್ಡ್ ನೆಸ್ ತೋರಿಸಿದರು. ಹತ್ತಿರದ ಉಟುಪುವಾ ದ್ವೀಪದ ಮತ್ತು ವನಿಕೊರೊದ ಭಾಷೆಗಳನ್ನೂ ಸೇರಿಸಿ ತೆಮೋಟು ಎಂಬ ಗುಂಪು ಸೂಚಿಸಿದರು.

ಇಂಗ್ಲಿಷೇ ವನಿಕೊರೊದ ಭಾಷೆಗಳನ್ನು ನುಂಗಿತು ಎನ್ನುವುದೂ ಸುಮ್ನೆ ಬರೆದ ಮಾತು. 1828ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ನಾವಿಕ ದ್ಯುಮೊಂ ದ್ಯುರ್ವಿಲ್ ಹಡಗಿನವರು ಮೂರೂ ಭಾಷೆಯ ಪದಗಳನ್ನು ಬರೆದುಕೊಂಡಿದ್ದರು. ಫ್ರಾನ್ಸ್ವಾ ಹೋಗುವ ಹೊತ್ತಿಗೆ ಲೊವೊನೊ, ತನೆಮಾ ಬಲ್ಲವರು ಬೆರಳಲ್ಲಿ ಎಣಿಸುವಷ್ಟು ವಯಸ್ಸಾದವರು ಮಾತ್ರ. ಅವರ ಮನೆಗಳಿಗೆ ಬಂದಿದ್ದು ತೆಆನು. ಆಗ ಅದನ್ನು ಆಡುತ್ತಿದ್ದವರೇ ಐನೂರರ ಆಸುಪಾಸು. ಇಷ್ಟು ಚಿಕ್ಕ ಭಾಷೆಯೂ ಪಕ್ಕದ ಎರಡು ಭಾಷೆಗಳ ಜಾಗಕ್ಕೆ ಬಂದು ಕೂರುತ್ತದೆ. ನನಗೆ ನಿದ್ದೆಗೆಡಿಸಿದ ಸಂಗತಿ ಇದು. ಲೇಖನದ ನಡುಮಧ್ಯೆ ಇರಬೇಕಾದದ್ದೂ ಇದೇ.

ಕೊನೆಯ ‘ನಾಳೆ ಕನ್ನಡಕ್ಕೂ ಇದೇ ಗತಿ’ ಪ್ಯಾರಾ ಬೇಡ. 2011ರ ಜನಗಣತಿಯಲ್ಲಿ 4.3 ಕೋಟಿಗೂ ಜಾಸ್ತಿ ಜನ ಕನ್ನಡವನ್ನು ತಾಯ್ನುಡಿ ಎಂದಿದ್ದಾರೆ. ಹೋಲಿಸಲೇಬೇಕಿದ್ದರೆ ಕರಾವಳಿಯ ಕೊರಗ ಭಾಷೆ ನೋಡಿ. ಅಲ್ಲಿ ತೆಆನುವಿನ ಜಾಗದಲ್ಲಿರುವುದು ತುಳು ಮತ್ತು ನಮ್ಮ ಕನ್ನಡ. ಓದುಗರಿಗೆ ಇರುಸುಮುರುಸಾದರೆ ಆಗಲಿ, ಬರೆಯಿರಿ.

ಸಾವಿರ ಪದ ಮೀರದಂತೆ ತಿದ್ದಿ ಕಳಿಸಿ. ಮತ್ತೆ ಓದುತ್ತೇನೆ.

ಸಂಪಾದಕ