20 ಅಡಿ ರಸ್ತೆಯ ಬಡಾವಣೆಯಲ್ಲಿ ನಿವೇಶನ ಕೊಳ್ಳುವ ಕುರಿತು

ಶಿವಮೊಗ್ಗದ ಹೊರವಲಯದ ಹೊಸ ಬಡಾವಣೆಯೊಂದರಲ್ಲಿ ರಸ್ತೆ 20 ಅಡಿಯಷ್ಟೇ ಇದೆ, ಅಲ್ಲಿ 30×40ರ ನಿವೇಶನ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಆ 20 ಅಡಿ ಯಾವುದರ ಅಳತೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ರಸ್ತೆಯ ಅಗಲವೆಂದರೆ ಡಾಂಬರಿನ ಅಗಲವಲ್ಲ. ಎದುರುಬದುರು ನಿವೇಶನಗಳ ಗಡಿಕಲ್ಲುಗಳ ನಡುವಿನ ಅಂತರ, ಅಂದರೆ ಎರಡೂ ಬದಿಯ ಚರಂಡಿ ಮತ್ತು ಮಣ್ಣಿನ ಅಂಚನ್ನೂ ಒಳಗೊಂಡ ಅಳತೆ. ವಸತಿ ಬಡಾವಣೆಯಲ್ಲಿ ಸಾಮಾನ್ಯವಾಗಿ ಕನಿಷ್ಠ 9 ಮೀಟರ್, ಸುಮಾರು 30 ಅಡಿ, ಬಿಡಬೇಕಾಗುತ್ತದೆ. ಟೇಪು ಹಿಡಿದು ಕಲ್ಲಿನಿಂದ ಕಲ್ಲಿಗೆ ಅಳೆದರೂ 20 ಅಡಿಯೇ ಬಂದರೆ, ಆ ವಿನ್ಯಾಸಕ್ಕೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಡಿ ಅನುಮೋದನೆ ದೊರೆತಿರುವುದು ಅನುಮಾನ.

ಭೂಪರಿವರ್ತನೆಯ ಆದೇಶವೊಂದನ್ನೇ ತೋರಿಸಿ ‘ಎಲ್ಲವೂ ಆಗಿದೆ’ ಎನ್ನುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಅದು ಕೃಷಿಯೇತರ ಬಳಕೆಗೆ ಅನುಮತಿಯೇ ಹೊರತು ವಿನ್ಯಾಸಕ್ಕೆ ಒಪ್ಪಿಗೆಯಲ್ಲ. ನಗರಾಭಿವೃದ್ಧಿ ಪ್ರಾಧಿಕಾರದ ಮೊಹರಿರುವ ನಕ್ಷೆ, ರಸ್ತೆ ಹಾಗೂ ಉದ್ಯಾನದ ಜಾಗವನ್ನು ಬಿಟ್ಟುಕೊಟ್ಟ ಪತ್ರ, ರೇರಾ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇವುಗಳನ್ನು ಕೇಳಿ ಪಡೆಯಿರಿ.

ಇನ್ನು ಚರಂಡಿಯ ವಿಷಯ. ಮಲೆನಾಡಿನಲ್ಲಿ ನನ್ನ ಮಟ್ಟಿಗೆ ರಸ್ತೆಗಿಂತಲೂ ಇದೇ ಮುಖ್ಯ. ಗದ್ದೆಗೆ ಮಣ್ಣು ತುಂಬಿ ಮಾಡಿದ ಬಡಾವಣೆಯಲ್ಲಿ ಮಳೆನೀರು ಹಳೆಯ ಜಾಡನ್ನೇ ಹುಡುಕುತ್ತದೆ. ಆದ್ದರಿಂದ ಜುಲೈ ಮಳೆಯಲ್ಲೊಮ್ಮೆ ಹೋಗಿ, ಇಳಿಜಾರಿನ ತುದಿಯ ಅಡ್ಡರಸ್ತೆಯಲ್ಲಿ ನೀರು ಮೋರಿ ದಾಟಿ ಹಳ್ಳ ಸೇರುತ್ತದೆಯೋ, ಇಲ್ಲವೇ ಯಾರದೋ ಖಾಲಿ ನಿವೇಶನದಲ್ಲಿ ಕೆಂಪಗೆ ಮಡುಗಟ್ಟಿ ನಿಲ್ಲುತ್ತದೆಯೋ ನೋಡಿ. ಮುಂಗಡದ ಮಾತು ಅದಾದ ಮೇಲಿರಲಿ.