ಊರಿನ ಮೇಲೆ ಬಾಂಬ್ ಹಾಕಿದ ಪೈಲಟ್‌ನನ್ನು ಯಾಕೆ ನೆನೆಯಬೇಕು?

ಎರಡನೇ ಮಹಾಯುದ್ಧದಲ್ಲಿ ರಾತ್ರಿ ಹೊತ್ತು ಹೋಗಿ ಊರುಗಳ ಮೇಲೆ ಬಾಂಬ್ ಸುರಿದು ಸತ್ತವರನ್ನು ಇವತ್ತು ನೆನೆಯೋದು ಸರಿನಾ ಅಂತ ಕೇಳಿದ್ದೀರಿ. ನೆನೆಯೋದಾದರೆ ಯಾರನ್ನು ಅಂತಲೂ ಕೇಳಿದ್ದೀರಿ. ನನಗೆ ಥಟ್ ಅಂತ ನೆನಪಾಗುವ ಹೆಸರು ಸಿರಿಲ್ ಬಾರ್ಟನ್. ಬ್ರಿಟನ್ನಿನ ವಾಯುಪಡೆಯ ಪೈಲಟ್. ಸತ್ತಾಗ ಅವನಿಗೆ 22 ವರ್ಷ.

ಕೆಲಸದ ಮೇಲೆ ಲಂಡನ್‌ಗೆ ಹೋಗಿದ್ದಾಗ ಒಂದು ಭಾನುವಾರ ಹೆಂಡನ್‌ನ ವಾಯುಪಡೆ ಮ್ಯೂಸಿಯಂಗೆ ಹೋಗಿದ್ದೆ. ಟಿಕೆಟ್ ಇಲ್ಲ ಅನ್ನೋದೂ ಒಂದು ಕಾರಣ, ಸುಳ್ಳು ಯಾಕೆ. ಅಲ್ಲಿ ಒಂದು ಹ್ಯಾಲಿಫ್ಯಾಕ್ಸ್ ಬಾಂಬರ್ ಇದೆ. 1942ರಲ್ಲಿ ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದು ಮುಳುಗಿದ್ದನ್ನು 1973ರಲ್ಲಿ ಮೇಲೆತ್ತಿದ್ದು. ಬಣ್ಣ ಬಳಿದು ಹೊಸದರಂತೆ ಮಾಡಿಲ್ಲ. ತಗಡು ಅಲ್ಲಲ್ಲಿ ತಿಂದುಹೋಗಿದೆ, ಒಳಗಿನ ಪಕ್ಕೆಲುಬು ಕಾಣುತ್ತದೆ. ಆ ತಗಡು ಎಷ್ಟು ತೆಳು ಅಂತ ಕಣ್ಣಾರೆ ಕಂಡಾಗ ಹೊಟ್ಟೆಯೊಳಗೆ ಏನೋ ಆಯಿತು. ಏಳು ಜನ ಇಂಥದ್ದರೊಳಗೆ ಕೂತು ರಾತ್ರಿಯಿಡೀ ಹಾರುತ್ತಿದ್ದರು. ಬಾರ್ಟನ್ ಹಾರಿಸುತ್ತಿದ್ದದ್ದೂ ಹ್ಯಾಲಿಫ್ಯಾಕ್ಸೇ.

1944ರ ಮಾರ್ಚ್ 30ರ ರಾತ್ರಿ. ಗುರಿ ಜರ್ಮನಿಯ ನ್ಯೂರೆಂಬರ್ಗ್. ಹೊರಟ ವಿಮಾನಗಳು 795. ಬೆಳದಿಂಗಳಿತ್ತು. ಜೊತೆಗೆ ವಿಮಾನಗಳ ಹಿಂದೆ ಆಕಾಶದಲ್ಲಿ ಬಿಳಿ ಗೆರೆ ಬೇರೆ ಬೀಳುತ್ತಿತ್ತು. ಸಾಲದ್ದಕ್ಕೆ, ಮೇಲಿನವರು ಹಾಕಿಕೊಟ್ಟ ದಾರಿಯಲ್ಲಿ 400 ಕಿಲೋಮೀಟರಿಗೂ ಜಾಸ್ತಿ ದೂರ ತಿರುವೇ ಇಲ್ಲ. ಕಾದು ಕೂತ ಜರ್ಮನ್ ಫೈಟರ್‌ಗಳಿಗೆ ಇನ್ನೇನು ಬೇಕು? 95 ವಿಮಾನಗಳು ವಾಪಸ್ ಬರಲಿಲ್ಲ. ಬ್ರಿಟನ್ನಿನ ಬಾಂಬರ್ ಪಡೆಗೆ ಇಡೀ ಯುದ್ಧದಲ್ಲಿ ಅಷ್ಟು ಕೆಟ್ಟ ರಾತ್ರಿ ಇನ್ನೊಂದಿಲ್ಲ.

ಗುರಿ ಇನ್ನೂ ನೂರು ಕಿಲೋಮೀಟರ್ ಆಚೆ ಇರುವಾಗಲೇ ಬಾರ್ಟನ್‌ನ ವಿಮಾನಕ್ಕೆ ಗುಂಡು ಬಿದ್ದವು. ಒಂದು ಎಂಜಿನ್ ಕೆಟ್ಟಿತು, ಮೆಷಿನ್‌ಗನ್‌ಗಳು ಕೆಲಸ ನಿಲ್ಲಿಸಿದವು, ಒಬ್ಬರಿಗೊಬ್ಬರು ಮಾತಾಡುವ ಇಂಟರ್‌ಕಾಮ್ ಸತ್ತುಹೋಯಿತು. ಆ ಗಲಿಬಿಲಿಯಲ್ಲಿ ಒಂದು ಸನ್ನೆಯನ್ನು ತಪ್ಪಾಗಿ ತಿಳಿದು ಮೂವರು ಪ್ಯಾರಾಚೂಟ್ ಕಟ್ಟಿಕೊಂಡು ಹಾರಿಬಿಟ್ಟರು. ಹಾರಿದವರು ಯಾರು ನೋಡಿ: ದಾರಿ ಹೇಳುವ ನ್ಯಾವಿಗೇಟರ್, ರೇಡಿಯೋ ನೋಡಿಕೊಳ್ಳುವವನು, ಬಾಂಬ್ ಗುರಿ ಇಡುವವನು. ಉಳಿದದ್ದು ಬಾರ್ಟನ್, ಒಬ್ಬ ಎಂಜಿನಿಯರ್, ಇಬ್ಬರು ಗನ್ನರ್‌ಗಳು.

ಅಲ್ಲಿಂದಲೇ ತಿರುಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಮುಂದಕ್ಕೆ ಹೋದ. ಬಾಂಬ್ ತಾನೇ ಬಿಟ್ಟ. ಅಷ್ಟರಲ್ಲಿ ಕೆಟ್ಟ ಎಂಜಿನ್‌ನ ಪ್ರೊಪೆಲ್ಲರ್ ಕಿತ್ತು ಹಾರಿಹೋಯಿತು. ಎರಡು ಟ್ಯಾಂಕ್‌ಗಳಿಂದ ಪೆಟ್ರೋಲ್ ಸೋರುತ್ತಿತ್ತು. ನ್ಯಾವಿಗೇಟರ್ ಇಲ್ಲ, ಎದುರುಗಾಳಿ ಬೇರೆ. ನಮಗೆ ಮ್ಯಾಪ್ ಇಲ್ಲದಿದ್ದರೆ ಜಯನಗರದಲ್ಲೇ ದಾರಿ ತಪ್ಪುತ್ತದೆ. ಈ ಹುಡುಗ ಅರ್ಧ ಯುರೋಪ್ ದಾಟಿ ಇಂಗ್ಲೆಂಡಿನ ಕರಾವಳಿ ಮುಟ್ಟಿದ. ಯಾರ್ಕ್‌ಷೈರ್‌ನ ತನ್ನ ನೆಲೆಯಿಂದ ತಪ್ಪಿದ್ದು ಸುಮಾರು 145 ಕಿಲೋಮೀಟರ್ ಅಷ್ಟೇ.

ನನ್ನ ಮಟ್ಟಿಗೆ ಕಥೆ ಇರೋದು ಇದಾದ ಮೇಲೆ. ಬೆಳಗಿನ ಜಾವ, ಸಂಡರ್ಲೆಂಡ್ ಪಕ್ಕದ ರೈಹೋಪ್ ಅನ್ನುವ ಕಲ್ಲಿದ್ದಲು ಗಣಿಯ ಊರು. ಪೆಟ್ರೋಲ್ ಮುಗಿಯಿತು. ನಾಲ್ಕರಲ್ಲಿ ಒಂದೇ ಎಂಜಿನ್ ಓಡುತ್ತಿದೆ. ಹಾರಿಕೊಳ್ಳೋಣ ಅಂದರೆ ನೆಲ ತೀರಾ ಹತ್ತಿರ. ಕೆಳಗೆ ಸಾಲು ಮನೆಗಳು, ಒಳಗೆ ಜನ. ಮೂವರನ್ನೂ ಗಟ್ಟಿಯಾಗಿ ಆನಿಕೊಂಡು ಕೂರಲು ಹೇಳಿ, ಮನೆಗಳಿಂದಾಚೆ ಇಳಿಸಲು ನೋಡಿದ. ವಿಮಾನ ಬಿತ್ತು. ಆ ಮೂವರೂ ಬದುಕಿದರು, ಅವನು ಸತ್ತ. ಅವನಿಗೆ ವಿಕ್ಟೋರಿಯಾ ಕ್ರಾಸ್ ಕೊಟ್ಟರು, ಅದು ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ. ಹ್ಯಾಲಿಫ್ಯಾಕ್ಸ್‌ನಲ್ಲಿ ಹಾರಿದವರಲ್ಲಿ ಅದು ಸಿಕ್ಕಿದ್ದು ಅವನೊಬ್ಬನಿಗೇ.

ಆದರೆ ವಿಮಾನ ಬಿದ್ದಾಗ ಕೆಳಗಿದ್ದ ಒಬ್ಬ ಗಣಿ ಕಾರ್ಮಿಕನೂ ಸತ್ತ. ಪದಕದ ಜೊತೆ ಹೊರಟ ವಿವರಣೆಯಲ್ಲಿ ಅವನ ಮಾತೇ ಇಲ್ಲ. ನನಗೆ ಬಾರ್ಟನ್ ನೆನಪಾದಾಗಲೆಲ್ಲ ಅವನೂ ನೆನಪಾಗುತ್ತಾನೆ.

ಈಗ ನಿಮ್ಮ ನಿಜವಾದ ಅನುಮಾನಕ್ಕೆ ಬರೋಣ. ಬಾಂಬ್ ಬಿದ್ದ ಕಡೆಯೂ ಮನೆಗಳಿದ್ದವು ಅಲ್ವಾ? ಇದ್ದವು. 1945ರ ಜನವರಿ 2ರಂದು ಇದೇ ಪಡೆ ಮತ್ತೆ ಹೋಗಿ ನ್ಯೂರೆಂಬರ್ಗ್‌ನ ಹಳೇ ಪೇಟೆಯನ್ನು ನೆಲಸಮ ಮಾಡಿತು. 1,800ಕ್ಕೂ ಹೆಚ್ಚು ಜನ ಸತ್ತರು. ರೈಹೋಪ್‌ನ ಮನೆಗಳನ್ನು ಉಳಿಸಲು ನೋಡಿದ ಕೈಯೇ ಕೆಲವು ಗಂಟೆ ಮುಂಚೆ ಬಾಂಬ್ ಬಿಟ್ಟಿತ್ತು. ಈ ಎರಡರಲ್ಲಿ ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ಹೇಳೋದು ನನಗೆ ಒಗ್ಗುವುದಿಲ್ಲ. ಅವನನ್ನು ದೇವರು ಮಾಡುವವರ ಜೊತೆಗೂ ನಾನಿಲ್ಲ, ಕೊಲೆಗಾರ ಅಂತ ಒಂದೇ ಮಾತಲ್ಲಿ ಮುಗಿಸುವವರ ಜೊತೆಗೂ ಇಲ್ಲ. ದಾರಿ, ಗುರಿ ಎಲ್ಲ ಗೆರೆ ಎಳೆದು ಕೊಟ್ಟವರು ಬೇರೆ, ಅವರು ಆ ರಾತ್ರಿ ವಿಮಾನದಲ್ಲಿರಲಿಲ್ಲ. ಬ್ರಿಟನ್ನಿನ ಆ ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು 1,25,000. ಸತ್ತವರು 55,573.

ಅವರ ಸ್ಮಾರಕ ಕಟ್ಟಿದ್ದು ತುಂಬಾ ತಡವಾಗಿ, 2012ರಲ್ಲಿ, ಲಂಡನ್‌ನ ಗ್ರೀನ್ ಪಾರ್ಕ್‌ನಲ್ಲಿ. ಬಾಂಬ್ ದಾಳಿಯಲ್ಲಿ ಸತ್ತ ಎಲ್ಲ ದೇಶದವರನ್ನೂ ನೆನೆಯುವ ಒಂದು ಸಾಲು ಅಲ್ಲಿ ಕೆತ್ತಿದೆ. ಆ ಕಡೆ ಹೋದರೆ ಏಳು ಜನರ ಕಂಚಿನ ಪ್ರತಿಮೆ ನೋಡಿ, ಆಮೇಲೆ ಹಾಗೇ ತಲೆ ಎತ್ತಿ ಚಾವಣಿಯನ್ನೂ ನೋಡಿ. 1944ರಲ್ಲಿ ಬೆಲ್ಜಿಯಂನಲ್ಲಿ ಬಿದ್ದ ಒಂದು ಹ್ಯಾಲಿಫ್ಯಾಕ್ಸ್‌ನ ಅಲ್ಯೂಮಿನಿಯಂ ಅದರಲ್ಲಿದೆ.