ಟುಲೇರಿ ಕೌಂಟಿಗೆ ಬರುವ ಮುಂಚೆ: ಕೆಲಸ, ಕೂಲಿ, ನೀರು

ನಮಸ್ಕಾರ ತಂಗಿ. ಯಜಮಾನರಿಗೆ ಕ್ಯಾಲಿಫೋರ್ನಿಯಾದ ಟುಲೇರಿ ಪಟ್ಟಣದ ಹಾಲಿನ ಕಾರ್ಖಾನೆಯಲ್ಲಿ ಆಟೊಮೇಷನ್ ಎಂಜಿನಿಯರ್ ಕೆಲಸ, ಎಚ್-1ಬಿ ವೀಸಾ ಅಂತ ಬರೆದಿದ್ದೀರಿ. ನೀವು ಮಂಡ್ಯದವರು, ಬಿ.ಎಸ್ಸಿ. ಅಗ್ರಿ ಮಾಡಿದವರು. ಕೇಳಿರೋದು ಮೂರು: ಅಮೆರಿಕದಲ್ಲೇ ಅತಿ ಹೆಚ್ಚು ಹಾಲು ಬರುವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ನನಗೂ ಕೆಲಸ ಸಿಗುತ್ತಲ್ಲವೇ, ಮುಂದೆ ಹತ್ತಿಪ್ಪತ್ತು ಎಕರೆ ತಗೊಳ್ಳಬಹುದೇ, ಊರಲ್ಲಿರುವ ಮೈದುನನಿಗೆ ತೋಟದ ಕೆಲಸದ ವೀಸಾ ಕೊಡಿಸುತ್ತೇನೆಂದು ಏಜೆಂಟ್ ಎಂಟು ಲಕ್ಷ ಕೇಳುತ್ತಿದ್ದಾನೆ, ಕೊಡೋಣವೇ?

ಕೊನೆಯದಕ್ಕೆ ಮೊದಲು ಉತ್ತರ: ಕೊಡಬೇಡಿ. ಆ ವೀಸಾದ ಹೆಸರು ಎಚ್-2ಎ. ಅದಕ್ಕೆ ಅರ್ಜಿ ಹಾಕುವವನು ಮಾಲೀಕ, ಕೆಲಸಗಾರನಲ್ಲ. ಇಲ್ಲಿ ಆಳು ಸಿಗುತ್ತಿಲ್ಲ ಎಂದು ಮಾಲೀಕ ಮೊದಲು ಕಾರ್ಮಿಕ ಇಲಾಖೆಗೆ ತೋರಿಸಬೇಕು. ಕರೆಸಿಕೊಂಡವನಿಗೆ ವಸತಿ ಪುಕ್ಕಟೆ ಕೊಡಬೇಕು, ಒಪ್ಪಂದದಲ್ಲಿ ಹೇಳಿದ ಗಂಟೆಗಳಲ್ಲಿ ಮುಕ್ಕಾಲು ಪಾಲಿಗಾದರೂ ಕೆಲಸ ಇಲ್ಲವೇ ಅಷ್ಟು ಕೂಲಿ ಕೊಡಬೇಕು. ನೇಮಕಾತಿಗೆಂದು ಕೆಲಸಗಾರನಿಂದ ಒಂದು ರೂಪಾಯಿ ತೆಗೆದುಕೊಂಡರೂ ಅದು ನಿಯಮದ ಉಲ್ಲಂಘನೆ, ಗೊತ್ತಾದರೆ ಅರ್ಜಿಯೇ ತಿರಸ್ಕೃತವಾಗಬಹುದು. ದುಡ್ಡು ಕೇಳಿದ ಅಂದಮೇಲೆ ಆ ಏಜೆಂಟಿನ ಹತ್ತಿರ ಇನ್ನೇನೂ ವಿಚಾರಿಸಬೇಕಾಗಿಲ್ಲ.

ಇನ್ನು ಕೌಂಟಿಯ ವಿಷಯ. ಪೂರ್ವದ ಅರ್ಧ ಸಿಕೋಯಾ ಕಾಡು, ಬೆಟ್ಟ. ಬೇಸಾಯವೆಲ್ಲ ಪಶ್ಚಿಮದ ಬಯಲಿನಲ್ಲಿ. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 4.73 ಲಕ್ಷ. ವರ್ಷದ ಕೃಷಿ ಉತ್ಪನ್ನದ ಮೌಲ್ಯ 8 ಬಿಲಿಯನ್ ಡಾಲರ್ ಆಸುಪಾಸು. ಹಾಲು ಮೊದಲು, ಆಮೇಲೆ ಕಿತ್ತಳೆ ಜಾತಿ, ದ್ರಾಕ್ಷಿ, ಬಾದಾಮಿ, ಪಿಸ್ತಾ. ಆದರೆ 2023–24ರಲ್ಲಿ ರಾಜ್ಯದ ನಿರುದ್ಯೋಗ ಶೇ. 5ರ ಸುಮಾರಿಗಿದ್ದಾಗ ಇಲ್ಲಿ ಶೇ. 10–11 ಇತ್ತು. ಬೆಳೆ ಹೆಚ್ಚು ಅಂದಮಾತ್ರಕ್ಕೆ ಕೆಲಸ ಹೆಚ್ಚು ಅಂದುಕೊಳ್ಳಬೇಡಿ. ಇಲ್ಲಿನ ಕೆಲಸಕ್ಕೆ ಎರಡು ತುದಿ ಉಂಟು, ನಡು ತೆಳ್ಳಗೆ: ಒಂದು ಕಡೆ ಋತುಮಾನದ ಕೂಲಿ, ಇನ್ನೊಂದು ಕಡೆ ಲೈಸೆನ್ಸ್ ಬೇಡುವ ಕೆಲಸ.

ಕೂಲಿ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ನವೆಂಬರಿನಿಂದ ನೇವಲ್ ಕಿತ್ತಳೆ ಮತ್ತು ಮ್ಯಾಂಡರಿನ್, ಚಳಿಯಲ್ಲೇ ದ್ರಾಕ್ಷಿ-ಪೀಚ್ ಗಿಡಗಳ ಸವರುವಿಕೆ. ಫೆಬ್ರವರಿ–ಮಾರ್ಚ್ ಬಡ ತಿಂಗಳು, ನಿರುದ್ಯೋಗದ ಅಂಕಿ ಏರುವುದು ಆಗ. ಏಪ್ರಿಲ್‌ನಲ್ಲಿ ಪೀಚ್ ಹೀಚು ಉದುರಿಸುವ ಕೆಲಸ, ಮೇಯಿಂದ ಪೀಚ್, ನೆಕ್ಟರಿನ್, ಪ್ಲಮ್ ಕೊಯ್ಲು, ಜುಲೈಯಿಂದ ದ್ರಾಕ್ಷಿ. ಆಗಸ್ಟ್‌ನಲ್ಲಿ ಬಾದಾಮಿ, ಸೆಪ್ಟೆಂಬರ್‌ನಲ್ಲಿ ಪಿಸ್ತಾ. ಇವೆರಡನ್ನೂ ಯಂತ್ರ ಮರ ಅಲ್ಲಾಡಿಸಿ ಕೆಡವುತ್ತದೆ, ಆಳು ಕಡಿಮೆ. ದ್ರಾಕ್ಷಿ-ಪೀಚ್ ತೋಟ ಕಿತ್ತು ಬಾದಾಮಿ, ಪಿಸ್ತಾ ಹಾಕಿದಷ್ಟೂ ಎಕರೆಗೆ ಬೇಕಾದ ಕೂಲಿ ದಿನಗಳು ಇಳಿಯುತ್ತವೆ. ಕೊರೆಯುವ ಚಳಿ ಹಿಡಿದರೆ ಇನ್ನೊಂದು ಕಥೆ. 28 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಮೈನಸ್ 2 ಸೆಲ್ಸಿಯಸ್) ಕೆಳಗೆ ಕೆಲವು ಗಂಟೆ ನಿಂತರೆ ಕಿತ್ತಳೆಯೊಳಗಿನ ತೊಳೆ ಹೆಪ್ಪುಗಟ್ಟಿ ಒಣಗುತ್ತದೆ. 1990 ಮತ್ತು 1998ರ ಡಿಸೆಂಬರ್, 2007ರ ಜನವರಿಯಲ್ಲಿ ಹಾಗಾಯಿತು. ತೋಟದವನಿಗಾದರೆ ಬೆಳೆ ವಿಮೆ ಇರಬಹುದು. ಪ್ಯಾಕಿಂಗ್ ಹೌಸಿನಲ್ಲಿ ಹಣ್ಣು ವಿಂಗಡಿಸುವ ಹೆಂಗಸರಿಗೆ ಮಾತ್ರ ಆ ಋತುವಿನ ಕೆಲಸವೇ ಹೋಯಿತು.

ಆಳುಗಳನ್ನು ನೇರವಾಗಿ ನೇಮಿಸಿಕೊಳ್ಳುವ ರೈತರು ಕಡಿಮೆ. ರೈತ, ಅವನ ಕೆಳಗೆ ಲೇಬರ್ ಕಾಂಟ್ರಾಕ್ಟರ್, ಅವನ ಕೆಳಗೆ ಮಯೋರ್ದೋಮೊ ಎಂಬ ಮೇಸ್ತ್ರಿ, ಆಮೇಲೆ ಗುಂಪು. ಕಬ್ಬು ಕಡಿಯುವ ಗ್ಯಾಂಗ್ ಕಂಡ ನಿಮಗೆ ಇದು ಹೊಸದಲ್ಲ. ಹೊಸದೆಂದರೆ ಇಲ್ಲಿನ ಕಾನೂನು. ಕಾಂಟ್ರಾಕ್ಟರ್ ಬಳಿ ರಾಜ್ಯದ ಲೇಬರ್ ಕಮಿಷನರ್ ಕೊಟ್ಟ ಲೈಸೆನ್ಸ್ ಇರಬೇಕು, ಅದನ್ನು ಆನ್‌ಲೈನಿನಲ್ಲೇ ನೋಡಬಹುದು. ನಾಳೆ ನೀವು ಆಹಾರ ಸುರಕ್ಷತೆ ಅಥವಾ ಮೇಲ್ವಿಚಾರಣೆ ಕೆಲಸಕ್ಕೆ ಸೇರಿದರೂ ಈ ಲೆಕ್ಕ ಗೊತ್ತಿರಲೇಬೇಕು, ಯಾಕೆಂದರೆ ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಒಂದು ಡಿಸೆಂಬರ್ ಬೆಳಗ್ಗೆಯ ಲೆಕ್ಕ ನೋಡಿ. ಈ ಬಯಲಿನ ದಟ್ಟ ಮಂಜಿನಲ್ಲಿ ಕಿತ್ತಳೆ ಹಣ್ಣು ಹತ್ತು ಗಂಟೆಯವರೆಗೂ ಒದ್ದೆ. ಒದ್ದೆ ಹಣ್ಣು ಕಿತ್ತರೆ ಸಿಪ್ಪೆಯ ಎಣ್ಣೆ ಒಡೆದು ಕಲೆ ಬೀಳುತ್ತದೆ, ಆದ್ದರಿಂದ ಗುಂಪು ಏಳಕ್ಕೇ ಬಂದು ಕಾಯುತ್ತದೆ. ಒಣಗಿದ ಮೇಲೆ ಏಣಿ ಹಾಕಿ, ಹೆಗಲಿಗೆ ಚೀಲ ಕಟ್ಟಿ, ತೊಟ್ಟನ್ನು ಸಣ್ಣ ಕತ್ತರಿಯಿಂದ ಕತ್ತರಿಸಬೇಕು. ಎಳೆದರೆ ತೊಟ್ಟಿನ ಜಾಗದಲ್ಲಿ ಸಿಪ್ಪೆ ಕಿತ್ತು ಹಣ್ಣು ಕೊಳೆಯುತ್ತದೆ. ಕೂಲಿ ಕೊಡುವುದು ತುಂಬಿದ ಬಿನ್ (ದೊಡ್ಡ ಪೆಟ್ಟಿಗೆ) ಲೆಕ್ಕದಲ್ಲಿ. ಆದರೆ 2016ರ ಜನವರಿಯಿಂದ ರಾಜ್ಯದ ಕಾನೂನು ಹೇಳುವುದು, ಆ ಕಾಯ್ದ ಮೂರು ಗಂಟೆಗೂ, ನಾಲ್ಕು ಗಂಟೆಗೊಮ್ಮೆಯ ಹತ್ತು ನಿಮಿಷದ ವಿಶ್ರಾಂತಿಗೂ ಬಿನ್ ಕೂಲಿಯಲ್ಲಿ ಸೇರಿಸದೆ ಬೇರೆಯಾಗಿ ಗಂಟೆ ಲೆಕ್ಕದಲ್ಲಿ ಕೊಡಬೇಕು, ಪೇ ಸ್ಲಿಪ್‌ನಲ್ಲಿ ಬೇರೆ ಸಾಲಿನಲ್ಲೇ ಕಾಣಬೇಕು. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 16.50 ಡಾಲರ್. ಅದರ ಎರಡರಷ್ಟು ಸಂಬಳ ಇಲ್ಲದವನಿಂದ ಕತ್ತರಿ, ಕೈಗವಸಿನ ದುಡ್ಡು ಹಿಡಿಯುವಂತಿಲ್ಲ. ಸ್ಲಿಪ್‌ನಲ್ಲಿ ಬಿನ್ ಸಂಖ್ಯೆ ಮಾತ್ರ ಇದ್ದು ಗಂಟೆ ಇಲ್ಲದಿದ್ದರೆ ಅಲ್ಲಿ ಏನೋ ಮೋಸ ಇದೆ ಅಂತಲೇ ಅರ್ಥ.

ಓವರ್‌ಟೈಮ್ ನಿಯಮ 2016ರಲ್ಲಿ ಪಾಸಾಗಿ ಹಂತಹಂತವಾಗಿ ಬಂತು. ದಿನಕ್ಕೆ 8, ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು, ದೊಡ್ಡ ಮಾಲೀಕರಿಗೆ 2022ರಿಂದ, 25 ಅಥವಾ ಕಡಿಮೆ ಆಳಿರುವವರಿಗೆ 2025ರಿಂದ. ಇದರಿಂದ ಎಲ್ಲರ ಕೈಗೂ ಹೆಚ್ಚು ದುಡ್ಡು ಬಂತು ಅಂದುಕೊಂಡರೆ ತಪ್ಪು. ಎಷ್ಟೋ ಮಾಲೀಕರು ಗಂಟೆಯನ್ನೇ 40ಕ್ಕೆ ಮೊಟಕು ಮಾಡಿ ಇನ್ನೊಂದು ಗುಂಪು ಕರೆದರು. ಒಂದೇ ಕಡೆ 55 ಗಂಟೆ ದುಡಿಯುತ್ತಿದ್ದವನು ಈಗ ಎರಡು ಕಾಂಟ್ರಾಕ್ಟರ್ ಕೈಕೆಳಗೆ ದುಡಿಯುತ್ತಾನೆ, ಓವರ್‌ಟೈಮ್ ಎಲ್ಲೂ ಇಲ್ಲ. ಬೇಸಗೆಯಲ್ಲಿ 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನೆರಳು ಕಡ್ಡಾಯ, ಗಂಟೆಗೆ ತಲಾ ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ನೀರು, 95 ದಾಟಿದರೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕೂರಿಸಲೇಬೇಕು. ಜುಲೈಯಲ್ಲಿ ನೂರು ದಾಟುವುದು ಮಾಮೂಲು.

ಯಜಮಾನರ ಕೆಲಸಕ್ಕೆ ಇಷ್ಟು ಏರಿಳಿತವಿಲ್ಲ. ಲ್ಯಾಂಡ್ ಓ'ಲೇಕ್ಸ್, ಸಪೂಟೊ ಮುಂತಾದವರ ದೊಡ್ಡ ಘಟಕಗಳು ಟುಲೇರಿಯಲ್ಲಿವೆ. ಹಸು ಹಬ್ಬಕ್ಕೂ ಹಾಲು ಕೊಡುತ್ತದೆ, ಆದ್ದರಿಂದ ಘಟಕ ನಿಲ್ಲುವುದಿಲ್ಲ. ವಸಂತದಲ್ಲಿ ಹಾಲು ಉಕ್ಕುವ ತಿಂಗಳುಗಳಲ್ಲಿ ರಜೆ ಸಿಗುವುದು ಕಷ್ಟ, ಊರಿನ ಮದುವೆಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ. ಹಾಲಿನ ದರ ಇಲ್ಲಿ ಲೀಟರಿಗಲ್ಲ, 100 ಪೌಂಡಿಗೆ, ಅಂದರೆ ಸುಮಾರು 44 ಲೀಟರಿಗೆ. 2018ರ ನವೆಂಬರಿನಿಂದ ಕೇಂದ್ರದ ಸೂತ್ರದಂತೆ ಬೆಣ್ಣೆ, ಚೀಸ್, ಪುಡಿಯ ಬೆಲೆ ಹಿಡಿದು ತಿಂಗಳು ತಿಂಗಳೂ ಬದಲಾಗುತ್ತದೆ. ದರ ಬಿದ್ದರೆ ಡೈರಿಯವನು ಮೊದಲು ರಿಪೇರಿ, ಹೊಸ ಯಂತ್ರ ನಿಲ್ಲಿಸುತ್ತಾನೆ. ಟ್ರ್ಯಾಕ್ಟರ್ ಅಂಗಡಿ, ವೆಲ್ಡಿಂಗ್ ಶೆಡ್, ಮೇವಿನ ಲಾರಿಯವರಿಗೆ ಆ ಬಿಸಿ ಮುಟ್ಟಲು ಹೆಚ್ಚು ದಿನ ಬೇಕಿಲ್ಲ. 2024ರ ಆಗಸ್ಟ್ ಕೊನೆಯಿಂದ ಹಕ್ಕಿಜ್ವರ ಇಲ್ಲಿನ ಹಸುಗಳಿಗೆ ಹಬ್ಬಿದಾಗಲೂ ಹಾಲು ತಗ್ಗಿ ಇದೇ ಸರಪಳಿ ಅಲ್ಲಾಡಿತು.

ಈಗ ನಿಮ್ಮ ಕೆಲಸ. ಬಂದ ಕೂಡಲೇ ನೀವು ದುಡಿಯುವಂತಿಲ್ಲ. ಎಚ್-1ಬಿಯವರ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಕೆಲಸದ ಪರವಾನಗಿ (ಇಎಡಿ) ಸಿಗುವುದು, ಮುಖ್ಯವಾಗಿ, ಯಜಮಾನರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾದ ಮೇಲೆ. ಆದ್ದರಿಂದ ಆಫರ್ ಒಪ್ಪುವ ಮುಂಚೆ ಕಂಪನಿಗೆ ಒಂದೇ ಪ್ರಶ್ನೆ ಕೇಳಿಸಿ: ಗ್ರೀನ್ ಕಾರ್ಡ್ ಪ್ರಕ್ರಿಯೆ ಯಾವ ತಿಂಗಳಿಂದ ಶುರು ಮಾಡುತ್ತೀರಿ? ಉತ್ತರ ಬರಹದಲ್ಲಿರಲಿ. ಸಂಬಳ ಎರಡು ಸಾವಿರ ಜಾಸ್ತಿ ಕೇಳುವುದಕ್ಕಿಂತ ನಿಮ್ಮ ಮನೆಗೆ ಇದು ಹೆಚ್ಚು ಬೆಲೆ ಬಾಳುತ್ತದೆ. "ಸುಮ್ಮನೆ ಬಂದು ಕಲಿತುಕೊಳ್ಳಿ, ಸಂಬಳ ಬೇಡ" ಎಂದು ಯಾರಾದರೂ ಕರೆದರೂ ಹೋಗಬೇಡಿ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಬಿಟ್ಟಿ ಮಾಡಿದರೂ ವೀಸಾ ನಿಯಮ ಮುರಿದಂತೆ.

ಕಾಯುವ ಕಾಲದಲ್ಲಿ ಮಾಡಬೇಕಾದ್ದು ಲೈಸೆನ್ಸ್ ತಯಾರಿ. ಇಲ್ಲಿ ರೈತನಿಗೆ ಇಂಥ ಔಷಧ ಹೊಡಿ ಎಂದು ಬರೆದುಕೊಡಲು ಪಿಸಿಎ, ಅಂದರೆ ಕೀಟ ನಿಯಂತ್ರಣ ಸಲಹೆಗಾರರ ಲೈಸೆನ್ಸ್ ಬೇಕು, ಕೊಡುವುದು ರಾಜ್ಯದ ಕೀಟನಾಶಕ ನಿಯಂತ್ರಣ ಇಲಾಖೆ. ಪದವಿಯ ಜೊತೆಗೆ ನಿಗದಿತ ವಿಷಯಗಳಲ್ಲಿ 42 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ತೋರಿಸಬೇಕು. ನಿಮ್ಮ ಅಂಕಪಟ್ಟಿಯನ್ನು ಇಲ್ಲಿನ ಮಾಪನಕ್ಕೆ ಪರಿವರ್ತಿಸಿಕೊಡುವ ಸಂಸ್ಥೆಯಿಂದ, ಒಟ್ಟು ಪದವಿಗಲ್ಲ, ವಿಷಯವಾರು ವರದಿಯನ್ನೇ ಕೇಳಿ. ಹಲವರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕೋರ್ಸಿನಲ್ಲಿ ಏನು ಕಲಿಸಿದರು ಎಂಬ ವಿವರ ಕೇಳುತ್ತಾರೆ, ಆದ್ದರಿಂದ ವಿಮಾನ ಹತ್ತುವ ಮುಂಚೆಯೇ ಕಾಲೇಜಿನಿಂದ ಪಠ್ಯಕ್ರಮದ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಪರೀಕ್ಷೆ ಎರಡು ಥರ: ಕಾನೂನು ಎಲ್ಲರಿಗೂ, ಜೊತೆಗೆ ಕೀಟ, ರೋಗ, ಕಳೆ ಮುಂತಾದವುಗಳಲ್ಲಿ ಕನಿಷ್ಠ ಒಂದು ವಿಭಾಗ. ಒಂದರಲ್ಲೇ ನಿಂತರೆ ಕೆಲಸ ಸಿಗುವುದು ಕಷ್ಟ, ಈ ಮೂರನ್ನೂ ಮುಗಿಸಿ. ಎರಡು ವರ್ಷಕ್ಕೊಮ್ಮೆ ನವೀಕರಣ, 40 ಗಂಟೆ ತರಬೇತಿ. ಕೌಂಟಿಯ ಕೃಷಿ ಕಮಿಷನರ್ ಕಚೇರಿಯ ಇನ್‌ಸ್ಪೆಕ್ಟರ್ ಹುದ್ದೆಗಳೂ ನಿಮ್ಮ ಪದವಿಗೆ ಹೊಂದುತ್ತವೆ, ಅವಕ್ಕೂ ರಾಜ್ಯದ ಪರೀಕ್ಷೆಯಿದೆ.

ಕಾಲೇಜ್ ಆಫ್ ದಿ ಸಿಕೋಯಾಸ್‌ಗೆ ಟುಲೇರಿಯಲ್ಲೇ ಕೃಷಿ ಕ್ಯಾಂಪಸ್ ಇದೆ. ಸಿಟ್ರಸ್, ನೀರಾವರಿ ಕೋರ್ಸ್ ಅಲ್ಲಿ ಮಾಡಬಹುದು. ಒಂದು ವರ್ಷ ರಾಜ್ಯದಲ್ಲಿದ್ದ ಮೇಲೆ ಸ್ಥಳೀಯರ ಶುಲ್ಕಕ್ಕೆ ಅರ್ಜಿ ಹಾಕಿ. ಜೊತೆಗೆ ಸ್ಪ್ಯಾನಿಷ್ ಕಲಿಯಿರಿ. ಹೊಲದಲ್ಲಿ ಇಂಗ್ಲಿಷ್ ಒಂದರಿಂದಲೇ ನಡೆಯುವುದಿಲ್ಲ. ಕೌಂಟಿಯಲ್ಲಿ ನಾಲ್ಕು ವರ್ಷದ ಸರ್ಕಾರಿ ವಿಶ್ವವಿದ್ಯಾಲಯ ಇಲ್ಲ, ಎಂ.ಎಸ್ಸಿ. ಮಾಡುವುದಾದರೆ ಫ್ರೆಸ್ನೊಗೆ 45 ಮೈಲಿ ಓಡಾಡಬೇಕು.

ಜಮೀನಿನ ಆಸೆ ಇದ್ದರೆ ಮಣ್ಣು ಆಮೇಲೆ, ನೀರು ಮೊದಲು ನೋಡಿ. ಬಯಲಿನಲ್ಲಿ ಮಳೆ ವರ್ಷಕ್ಕೆ ಹತ್ತು ಇಂಚಿನ ಸುಮಾರು, ಬಾದಾಮಿಗೆ ಬೇಕಾದ್ದು ಮೂರೂವರೆಯಿಂದ ನಾಲ್ಕು ಅಡಿ. ಮಿಕ್ಕಿದ್ದು ಕಾಲುವೆಯಿಂದ, ಇಲ್ಲವೇ ಬೋರಿನಿಂದ. 152 ಮೈಲಿ ಉದ್ದದ ಫ್ರಯಾಂಟ್-ಕರ್ನ್ ಕಾಲುವೆಯ ನೀರಿನ ಒಪ್ಪಂದ ಇರುವ ಪೂರ್ವದ ಕಿತ್ತಳೆ ಸೀಮೆ ತಕ್ಕಮಟ್ಟಿಗೆ ಕ್ಷೇಮ. ಯಾವ ನೀರಾವರಿ ಜಿಲ್ಲೆಗೂ (ಕಾಲುವೆ ನೀರು ಹಂಚುವ ಸಂಸ್ಥೆ) ಸೇರದ ಜಮೀನಿಗೆ ಇಲ್ಲಿ "ವೈಟ್ ಏರಿಯಾ" ಅನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಮಂಡ್ಯದ ವಿ.ಸಿ. ನಾಲೆಯ ಅಚ್ಚುಕಟ್ಟಿನ ಹೊರಗಿನದು. ಅಲ್ಲಿ ಇರುವುದು ಬೋರ್ ಒಂದೇ. 2014ರಲ್ಲಿ ಬಂದ ಅಂತರ್ಜಲ ಕಾಯ್ದೆಯ ಪ್ರಕಾರ 2040ರೊಳಗೆ ಎತ್ತುವುದೂ ತುಂಬುವುದೂ ಸರಿದೂಗಬೇಕು. ಪೋರ್ಟರ್‌ವಿಲ್ ಕಡೆಯ ಟ್ಯೂಲ್ ಎಂಬ ಅಂತರ್ಜಲ ಉಪಕಣಿವೆಯನ್ನು ರಾಜ್ಯದ ಜಲಮಂಡಳಿ 2024ರ ಸೆಪ್ಟೆಂಬರಿನಲ್ಲಿ ನಿಗಾ ಪಟ್ಟಿಗೆ ಸೇರಿಸಿತು. ಅತಿಯಾಗಿ ನೀರೆತ್ತಿದ್ದರಿಂದ ಅಲ್ಲಿ ನೆಲ ಕುಸಿದು ಫ್ರಯಾಂಟ್-ಕರ್ನ್ ಕಾಲುವೆಯ ಮಧ್ಯಭಾಗವೇ ತಗ್ಗಿ, ಹರಿಯುವ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಈ ಬಯಲು ಸೇರಿದ ಇಡೀ ಸ್ಯಾನ್ ವಾಕೀನ್ ಕಣಿವೆಯಲ್ಲಿ ಕನಿಷ್ಠ ಐದು ಲಕ್ಷ ಎಕರೆ ಬೀಳು ಬೀಳಬೇಕಾಗುತ್ತದೆ ಎಂಬುದು ತಜ್ಞರ ಅಂದಾಜು. ಬೀಳು ಬಿದ್ದ ಎಕರೆ ಅಂದರೆ ಕೂಲಿ, ಪ್ಯಾಕಿಂಗ್, ಲಾರಿ ಬಾಡಿಗೆ ಎಲ್ಲ ಅಷ್ಟರಮಟ್ಟಿಗೆ ಹೋದ ಹಾಗೆ. ಜೊತೆಗೆ ಬಾದಾಮಿ ದರ ನೋಡಿ: 2014ರಲ್ಲಿ ಪೌಂಡಿಗೆ ಸುಮಾರು 4 ಡಾಲರ್ ಇದ್ದದ್ದು 2022ಕ್ಕೆ ಒಂದೂವರೆಗಿಂತ ಕೆಳಗಿಳಿಯಿತು.

ಹಾಗಾಗಿ ಅಗ್ಗದ ಇಪ್ಪತ್ತು ಎಕರೆ ಕಂಡರೆ ಕೇಳಬೇಕಾದ್ದು: ಯಾವ ಅಂತರ್ಜಲ ಸಂಸ್ಥೆಯ ವ್ಯಾಪ್ತಿ, ಎಕರೆಗೆ ವರ್ಷಕ್ಕೆ ಎಷ್ಟು ಎತ್ತಬಹುದು, ಬೋರಿನ ಆಳ ಎಷ್ಟು, ವಿಲಿಯಮ್ಸನ್ ಕಾಯ್ದೆಯ ಒಪ್ಪಂದ ಇದೆಯೇ. ಕೊನೆಯದಿದ್ದರೆ ತೆರಿಗೆ ಕಡಿಮೆ, ಆದರೆ ಕನಿಷ್ಠ ಹತ್ತು ವರ್ಷ ಬೇರೆ ಬಳಕೆ ಇಲ್ಲ. ಗ್ರೀನ್ ಕಾರ್ಡ್ ಬರುವ ಮುಂಚೆ ಕೃಷಿ ಜಮೀನು ಕೊಂಡರೆ 90 ದಿನದೊಳಗೆ ಕೇಂದ್ರ ಕೃಷಿ ಇಲಾಖೆಗೆ ವರದಿ ಕೊಡಬೇಕು, ತಪ್ಪಿದರೆ ದಂಡ ಜಮೀನಿನ ಬೆಲೆಯ ಶೇ. 25ರವರೆಗೂ ಹೋಗಬಹುದು. ಕೊಂಡರೂ ಎಚ್-1ಬಿಯಲ್ಲಿ ನೀವೇ ನಿಂತು ಬೇಸಾಯ ಮಾಡುವಂತಿಲ್ಲ, ಗುತ್ತಿಗೆ ಕೊಡಬೇಕಷ್ಟೆ.

ಮನೆ ಕೌಂಟಿಯ ಕೇಂದ್ರ ಊರಾದ ವೈಸೇಲಿಯದಲ್ಲಿ ಹಿಡಿಯಿರಿ. ಆಸ್ಪತ್ರೆ, ಗೋದಾಮು, ಸರ್ಕಾರಿ ಕಚೇರಿಯ ಕೆಲಸಗಳೂ ಅಲ್ಲೇ ಹೆಚ್ಚು, ಟುಲೇರಿಗೆ ಹತ್ತೇ ಮೈಲಿ. ಮನೆ ಬೆಲೆ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶ) ಮೂರರಲ್ಲೊಂದು ಪಾಲು, ಆದರೆ ಎಸಿ ಓಡುವ ಬೇಸಗೆಯ ಕರೆಂಟ್ ಬಿಲ್ ಜೋರು. ಕಾರು ಎರಡು ಬೇಕೇ ಬೇಕು. ಧೂಳಿನಿಂದ ಬರುವ ವ್ಯಾಲಿ ಫೀವರ್ ಎಂಬ ಶಿಲೀಂಧ್ರ ರೋಗ ಇಲ್ಲುಂಟು, ಎರಡು ವಾರ ದಾಟಿದ ಕೆಮ್ಮಿಗೆ ಆ ರಕ್ತಪರೀಕ್ಷೆಯನ್ನು ನೀವಾಗಿಯೇ ಕೇಳಿ. ಊರ ಹೊರಗಿನ ಬಾಡಿಗೆ ಮನೆಗೆ ಸ್ವಂತ ಬೋರ್ ನೀರಾದರೆ ಒಪ್ಪಂದಕ್ಕೆ ಮುಂಚೆ ನೈಟ್ರೇಟ್, ಆರ್ಸೆನಿಕ್, 1,2,3-ಟಿಸಿಪಿ ಎಂಬ ರಾಸಾಯನಿಕ, ಮೂರನ್ನೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ನೈಟ್ರೇಟ್ ನೈಟ್ರೋಜನ್ ಲೆಕ್ಕದಲ್ಲಿ ಲೀಟರಿಗೆ 10 ಮಿಲಿಗ್ರಾಂ ಮೀರಿದ್ದರೆ ಆ ಮನೆ ಬೇಡ. ಕುದಿಸಿದರೆ ಅದು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ.